ಸದ್ದು ನಿಂತ ಮೇಲೆ ನೀರಿನಲ್ಲಿ ಉಳಿದದ್ದು

ಮಾರ್ಚ್ 9, ಭಾನುವಾರ ಬೆಳಗ್ಗೆ

ಪ್ರೀತಿಯ ಪಿಟೀಲು,

ನಿನ್ನ ಕಾಗದ ಕೈಸೇರಿ ಇವತ್ತಿಗೆ ಹದಿನಾರು ದಿನ. ತಡಮಾಡಿದ್ದಕ್ಕೆ ಮೊದಲು ಬೈದುಬಿಡು, ಆಮೇಲೆ ಮುಂದೆ ಓದು. ತಾಯಿಯಾಗಲಿರುವ ಮಗಳನ್ನು ಇನ್ನೂ ಪಿಟೀಲು ಎಂದು ಕರೆಯುವುದೇ ಎಂದು ನಿನ್ನ ಅಮ್ಮನ ತಕರಾರು. ಹುಟ್ಟಿದ ಮೂರು ತಿಂಗಳು ಒಂದೇ ತಂತಿಯ ಮೇಲೆ ಬಿಡುವಿಲ್ಲದೆ ಅತ್ತವಳು ನೀನು. ಆ ಹೆಸರನ್ನು ನೀನೇ ಕಷ್ಟಪಟ್ಟು ಸಂಪಾದಿಸಿದ್ದೀಯ, ನಾನು ಕಿತ್ತುಕೊಳ್ಳಲಾರೆ.

ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು ಕಳಿಸಿದ ಕನ್ನಡಕ ಅಮ್ಮನ ಮೂಗಿನ ಮೇಲೆ ಹೇಳಿ ಮಾಡಿಸಿದಂತೆ ಕೂತಿದೆ. ಅದರಿಂದ ನಷ್ಟವಾದದ್ದು ನನಗೆ. ಇಷ್ಟು ವರ್ಷ ಕಾಣದೆ ಹೋಗಿದ್ದ ನನ್ನ ಅಂಗಿಯ ಎಣ್ಣೆಕಲೆಗಳೆಲ್ಲ ಅವಳಿಗೆ ಈಗ ಒಂದೊಂದಾಗಿ ಕಾಣುತ್ತಿವೆ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳನ್ನು ಹೆತ್ತ ಅಪ್ಪನಿಗೆ ಬೇರೆ ಗತಿಯಿಲ್ಲ.

ತಡವಾದದ್ದು ಮರೆವಿನಿಂದಲ್ಲ. ಫೋನ್ ಮಾಡಬಹುದಿತ್ತು. ಆದರೆ ಈ ವಿಷಯವನ್ನು ಫೋನಿನಲ್ಲಿ ಎತ್ತಿದರೆ ನೀನು ಎರಡನೇ ಮಾತಿಗೆ ಸಿಡುಕುತ್ತೀಯ, ನಾನು ಮೂರನೇ ಮಾತಿಗೆ ದನಿ ಏರಿಸುತ್ತೇನೆ, ನಿನ್ನ ಅಮ್ಮ ಬಂದು ಫೋನು ಕಸಿದುಕೊಳ್ಳುತ್ತಾಳೆ. ಜೊತೆಗೆ, ಸರಿಯಾಗಿ ತಿಳಿದುಕೊಳ್ಳದೆ ನಿನಗೆ ಉತ್ತರ ಕೊಡಬಾರದು ಎಂದು ಹಟ ಹಿಡಿದಿದ್ದೆ.

ನೀನು ಕಾಗದದೊಳಗೆ ಮಡಿಚಿಟ್ಟಿದ್ದ ಪತ್ರಿಕೆಯ ತುಣುಕು ಈಗ ನನ್ನ ಮುಂದೆ ಮೇಜಿನ ಮೇಲಿದೆ. ‘ಸ್ಕ್ಯಾನಿಂಗ್ ಶಬ್ದಕ್ಕೆ ಜೀನ್ ಛಿದ್ರ’ ಎಂಬ ದಪ್ಪಕ್ಷರದ ಕೆಳಗೆ ಇರುವುದು ನಮ್ಮದೇ ಪ್ರಯೋಗಾಲಯದ ಸುದ್ದಿ. ನೀನು ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದೀಯ: “ಅಪ್ಪಾ, ಐದನೇ ತಿಂಗಳ ಸ್ಕ್ಯಾನಿಂಗ್‌ಗೆ ಡಾಕ್ಟ್ರು ಬರ್ಕೊಟ್ಟಿದಾರೆ. ನಾನು ಎರಡು ಸಲ ಮುಂದಕ್ಕೆ ಹಾಕ್ದೆ. ಅಮ್ಮ ಬೈತಾಳೆ, ಇವರು ಸುಮ್ಮನಿರ್ತಾರೆ. ನೀನು ಆ ಲ್ಯಾಬಲ್ಲೇ ಇರೋನು. ನನ್ನ ಸಮಾಧಾನಕ್ಕೆ ಅಂತ ಏನೂ ಹೇಳ್ಬೇಡ, ನಿಜ ಹೇಳು.”

ಹೇಳುತ್ತೇನೆ. ನಿಜ ಸ್ವಲ್ಪ ಉದ್ದವಿದೆ, ಕಾಲು ನೀಡಿಕೊಂಡು ಕೂತು ಓದು.

ಈ ಪ್ರಯೋಗ ಮಾಡಿದವರು ನಮ್ಮ ಗುಳ್ಳೆ ಮೇಡಂ. ಹೆಸರಿಟ್ಟದ್ದು ವರ್ಕ್‌ಶಾಪಿನವರು, ಅದು ಅವರಿಗೂ ಗೊತ್ತು. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ನಾನು ಲೇತಿನ ಮುಂದೆ ನಿಂತಿದ್ದಾಗ ಮೊದಲ ಸಲ ಕೆಳಗಿಳಿದು ಬಂದರು. ಕುಳ್ಳಗಿನ ಆಳು, ನರೆತ ಕೂದಲಿನ ಗಂಟಿಗೆ ಸಿಕ್ಕಿಸಿದ ಪೆನ್ಸಿಲು, ಕೈಯಲ್ಲೊಂದು ಗಾಜಿನ ಕೊಳವೆ.

“ಫೋರ್‌ಮನ್ನರೇ, ಇದನ್ನ ನೀರಿನೊಳಗೆ ಸುತ್ತಿಸ್ಬೇಕು. ಆದ್ರೆ ಅಲುಗಾಡಬಾರದು.”

“ಸುತ್ತೋದು ಅಂದ್ರೇನೇ ಅಲುಗಾಡೋದಲ್ವಾ ಮೇಡಂ?”

“ಹಾಗಾಗಿದ್ರೆ ಭೂಮಿ ಮೇಲೆ ಕೂತು ಯಾರಿಗಾದ್ರೂ ಟೀ ಕುಡಿಯೋಕಾಗ್ತಿತ್ತಾ?”

ಸಾಮಾನ್ಯವಾಗಿ ಮೇಲಿನ ಮಹಡಿಯವರು ನಕ್ಷೆಯನ್ನು ಯಾರ ಕೈಯಲ್ಲೋ ಕಳಿಸಿ, ಕೆಲಸ ಮುಗಿದ ಮೇಲೆ ಸರಿಯಿಲ್ಲ ಎಂದು ವಾಪಸು ಕಳಿಸುತ್ತಾರೆ. ಇವರು ಸ್ಟೂಲು ಎಳೆದುಕೊಂಡು ಕೂತರು. ಅದು ಯಾಕೆ ಬೇಕು, ಏನಕ್ಕೆ ಬೇಕು ಎಂದು ನಾನು ಕೇಳದೆಯೇ ಒಂದು ಗಂಟೆ ವಿವರಿಸಿದರು. ಮೂವತ್ತೆರಡು ವರ್ಷದ ನೌಕರಿಯಲ್ಲಿ ನನಗೆ ‘ಯಾಕೆ’ ಎಂಬುದನ್ನು ಹೇಳಿದ ಮೊದಲ ವಿಜ್ಞಾನಿ ಅವರು.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನೀರಿನ ತೊಟ್ಟಿಯ ತಳದಲ್ಲಿ ಒಂದು ಬಿಲ್ಲೆ ಇರುತ್ತದೆ. ಅದು ಕಿವಿಗೆ ಕೇಳದಷ್ಟು ಕೀಚಲು ಸದ್ದು ಹೊರಡಿಸುತ್ತದೆ. ಸದ್ದು ಜೋರಾಗಿದ್ದರೆ, ಮೇಲೆ ಸುತ್ತುತ್ತಿರುವ ಕೊಳವೆಯ ದ್ರವದಲ್ಲಿ ಕಣ್ಣಿಗೆ ಕಾಣದ ಗುಳ್ಳೆಗಳು ಹುಟ್ಟುತ್ತವೆ, ಉಬ್ಬುತ್ತವೆ, ಒಮ್ಮೆಗೇ ಕುಸಿಯುತ್ತವೆ. ಕುಸಿಯುವ ಆ ಗಳಿಗೆಯಲ್ಲಿ ಗುಳ್ಳೆಯೊಳಗೆ ನಮ್ಮ ಕುಲುಮೆಯನ್ನು ಮೀರಿಸುವ ಬಿಸಿ. ಆ ಬಿಸಿಗೆ ನೀರು ಸಹ ಒಡೆಯುತ್ತದೆ. ಒಡೆದ ಚೂರುಗಳು ಮತ್ತೆ ಕೂಡಿಕೊಳ್ಳುವಾಗ ಕೆಲವು ತಪ್ಪಾಗಿ ಕೂಡಿ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತವೆ. ಚಿಕ್ಕಂದಿನಲ್ಲಿ ನಿನ್ನ ಮಂಡಿ ತರಚಿದಾಗ ನರ್ಸಮ್ಮ ಹಾಕಿ, ಬುಸ್ಸೆಂದು ನೊರೆ ಬಂದಿತ್ತಲ್ಲ, ಅದೇ ಪದಾರ್ಥ.

“ಸದ್ದು ನಿಂತ ಮೇಲೂ ನೀರಲ್ಲಿ ಅದು ಉಳ್ಕೊಳುತ್ತೆ,” ಎಂದರು ಮೇಡಂ. “ಉಳಿದದ್ದು ಜೀವಕೋಶದೊಳಗೆ ಹೋಗಿ ಅದರ ಜೀನಿನ ಬರಹ ತಿದ್ದುತ್ತಾ? ಅದೊಂದೇ ನನ್ನ ಪ್ರಶ್ನೆ. ಇನ್ನೂ ಇಪ್ಪತ್ತು ಪ್ರಶ್ನೆ ಇದೆ, ಅವೆಲ್ಲ ಬೇರೆಯವರಿಗಿರ್ಲಿ.”

ಈ ಪ್ರಶ್ನೆಯನ್ನು ಅವರು ಬಿಡಿಸಿದ ರೀತಿ ನೋಡಿ ನಾನು ಬೆರಗಾದೆ. ಸದ್ದಿನ ತೊಟ್ಟಿಯೊಳಗೆ ಜೀವಕೋಶಗಳನ್ನು ಇಟ್ಟರೆ, ಹಾನಿ ಮಾಡಿದ್ದು ಸದ್ದಿನ ಕುಲುಕಾಟವೋ ಆ ಪದಾರ್ಥವೋ ಎಂದು ಹೇಳಲಾಗುವುದಿಲ್ಲ. ಆದ್ದರಿಂದ ಅವರು ಬರೀ ದ್ರವಕ್ಕೆ ಸದ್ದು ಕೊಡುತ್ತಿದ್ದರು. ಯಂತ್ರ ಆರಿಸಿ, ಎಲ್ಲ ಶಾಂತವಾದ ಮೇಲೆ ಅದರೊಳಗೆ ಜೀವಕೋಶಗಳನ್ನು ಬಿಡುತ್ತಿದ್ದರು. ಪಾಪ, ಆ ಕೋಶಗಳು ಸದ್ದನ್ನೇ ಕೇಳಿರುವುದಿಲ್ಲ. ಕೆಲವು ದಿನ ಬೆಳೆಸಿ, ಆಮೇಲೆ ಒಂದು ವಿಷ ಹಾಕುತ್ತಿದ್ದರು. ಮಾಮೂಲಿ ಕೋಶಗಳು ಆ ವಿಷಕ್ಕೆ ಸಾಯುತ್ತವೆ. ಯಾವುದರ ಜೀನಿನಲ್ಲಿ ಒಂದು ನಿರ್ದಿಷ್ಟ ಕಡೆ ಬರಹ ಕೆಟ್ಟಿದೆಯೋ ಅದು ಮಾತ್ರ ಬದುಕಿ, ಗುಂಪಾಗಿ ಬೆಳೆದು, ಬಣ್ಣ ಹಾಕಿದಾಗ ಗಾಜಿನ ತಟ್ಟೆಯಲ್ಲಿ ನೇರಳೆ ಚುಕ್ಕಿಯಾಗಿ ಕಾಣುತ್ತದೆ. ಚುಕ್ಕಿ ಎಣಿಸಿದರೆ ಎಷ್ಟು ಕೆಟ್ಟಿದೆ ಎಂದು ಗೊತ್ತಾಗುತ್ತದೆ.

ಆ ಚುಕ್ಕಿಗಳನ್ನು ಎಣಿಸಿದವನು ಯಾರು ಗೊತ್ತೇ? ನಿನ್ನ ಅಪ್ಪ. ನಗಬೇಡ.

“ನಾನಾ? ನಾನು ಕಬ್ಬಿಣ ಕೆರೆಯೋನು ಮೇಡಂ.”

“ಕೂದಲೆಳೆ ವ್ಯತ್ಯಾಸ ಬರೀ ಕಣ್ಣಲ್ಲಿ ಹಿಡೀತೀರ. ಯಾವ ತಟ್ಟೆ ಯಾವುದು ಅಂತ ನಿಮಗೆ ಗೊತ್ತಿರಲ್ಲ. ಯಾವ ಉತ್ತರ ಬಂದ್ರೆ ನನಗೆ ಖುಷಿ ಅಂತಾನೂ ಗೊತ್ತಿಲ್ಲ. ನನಗೆ ಗೊತ್ತು, ಅದಕ್ಕೇ ನನ್ನ ಕಣ್ಣನ್ನ ನಾನು ನಂಬಲ್ಲ.”

ಹೀಗೆ ವಾರಕ್ಕೆ ಎರಡು ದಿನ ಊಟವಾದ ಮೇಲೆ ಕೈಯನ್ನು ಸೋಪಿನಲ್ಲಿ ಮೂರು ಸಲ ತೊಳೆದು, ಬಿಳಿ ಕೋಟು ತೊಟ್ಟು ಮೇಲೆ ಹೋಗುತ್ತಿದ್ದೆ. ಕೋಟಿನ ಗುಂಡಿ ನನ್ನ ಹೊಟ್ಟೆಯ ಮೇಲೆ ಸೇರುತ್ತಿರಲಿಲ್ಲ. ವರ್ಕ್‌ಶಾಪಿನಲ್ಲಿ ನನಗೂ ಒಂದು ಹೆಸರು ಬಿತ್ತು, ‘ಡಾಕ್ಟರ್ ಚುಕ್ಕಿ’ ಎಂದು.

ಏಳು ತಿಂಗಳು ಹಾಗೆ ನಡೆಯಿತು. ಒಂದು ದಿನ ಕೊಳವೆಯ ಮುಚ್ಚಳಗಳನ್ನು ತೊಳೆಯುತ್ತಿದ್ದೆ. ಒಂದರ ಒಳಬದಿಯ ಸಣ್ಣ ಸ್ಕ್ರೂ ಮುಟ್ಟಿದಾಗ ಹೆಬ್ಬೆರಳಿಗೆ ಹಸಿರು ಹತ್ತಿತು. ಕಿಲುಬು. ನಕ್ಷೆಯಲ್ಲಿ ಮೇಡಂ ಸ್ಪಷ್ಟವಾಗಿ ಸ್ಟೇನ್‌ಲೆಸ್ ಸ್ಟೀಲ್ ಎಂದು ಬರೆದಿದ್ದರು. ಮುಚ್ಚಳಗಳನ್ನು ಮಾಡಿದ ವಾರ ಸ್ಟೋರಿನಲ್ಲಿ ಆ ಅಳತೆಯ ಸ್ಟೀಲ್ ಸ್ಕ್ರೂ ಮುಗಿದಿತ್ತು. ಇಷ್ಟು ಚಿಕ್ಕದು ತಾನೇ, ಆಮೇಲೆ ಬದಲಾಯಿಸಿದರಾಯಿತು ಎಂದು ನಾನೇ ಹಿತ್ತಾಳೆಯದು ಹಾಕಿದ್ದೆ, ಮರೆತಿದ್ದೆ. ಹಿತ್ತಾಳೆಯಿಂದ ಬಿಟ್ಟ ತಾಮ್ರ ಪೆರಾಕ್ಸೈಡಿನ ಜೊತೆ ಸೇರಿದರೆ ಬೇರೆಯದೇ ಆಟ ಆಡುತ್ತದೆ ಎಂದು ಮೇಡಂ ಮೊದಲ ದಿನವೇ ಹೇಳಿದ್ದರು.

ಸುಮ್ಮನೆ ಬದಲಾಯಿಸಿಬಿಡೋಣ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಅನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೆಟ್ಟಿಲ ಮೇಲೆ ಎರಡು ಸಲ ತಿರುಗಿ ಕೆಳಗಿಳಿದೆ. ಮೂರನೇ ಸಲ ಹೋಗಿ ಅವರ ಮೇಜಿನ ಮೇಲೆ ಸ್ಕ್ರೂ ಇಟ್ಟೆ.

ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಕಣ್ಣು ಒದ್ದೆಯಾಗಿದ್ದು ನನಗೆ ಕಂಡಿತು. ಆಮೇಲೆ ಹೇಳಿದರು: “ನೀವು ಹೇಳ್ದೇ ಇದ್ದಿದ್ರೆ ನಾನು ಸಾಯೋವರೆಗೂ ಹಿತ್ತಾಳೆ ಮಾಡಿದ ಕೆಲಸನ ಸದ್ದು ಮಾಡ್ತು ಅಂತಿದ್ದೆ. ಒಂದು ದೊಡ್ಡ ಚೀಲ ತನ್ನಿ.”

ಏಳು ತಿಂಗಳ ತಟ್ಟೆಗಳನ್ನು ಇಬ್ಬರೂ ಸೇರಿ ಚೀಲಕ್ಕೆ ತುಂಬಿದೆವು. ನೋಟ್‌ಬುಕ್ಕನ್ನು ಅವರು ಎಸೆಯಲಿಲ್ಲ. ಪ್ರತಿ ಪುಟದ ತಲೆಯ ಮೇಲೆ ಕೆಂಪು ಶಾಯಿಯಲ್ಲಿ ‘ಹಿತ್ತಾಳೆ ಸ್ಕ್ರೂ, ಲೆಕ್ಕಕ್ಕಿಲ್ಲ’ ಎಂದು ಬರೆಯುತ್ತ ಹೋದರು. ಮರುದಿನದ ಸಭೆಯಲ್ಲಿ ನಿರ್ದೇಶಕರು, ಇದು ಯಾರ ಎಡವಟ್ಟು ಎಂದು ಗುಡುಗಿದರಂತೆ. ಮೇಡಂ, “ಪ್ರಯೋಗ ನನ್ನದು, ಎಡವಟ್ಟೂ ನನ್ನದೇ” ಎಂದು ಕೂತರಂತೆ. ಅವತ್ತು ಸಂಜೆ ಮನೆಗೆ ಬಂದು ನಿನ್ನ ಅಮ್ಮನಿಗೆ ಇದನ್ನು ಎರಡು ಸಲ ಹೇಳಿದೆ.

ಮೊದಲಿನಿಂದ ಶುರುಮಾಡಿದೆವು. ಈ ಸಲ ಪ್ರತಿಯೊಂದು ಸ್ಕ್ರೂವನ್ನೂ ನಾನೇ ಕಡೆದೆ. ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಲಕೋಟೆ ಒಡೆಯುವ ದಿನ ಬಂತು. ತಟ್ಟೆಗಳ ಗುರುತು ಲಕೋಟೆಯಲ್ಲಿ, ಎಣಿಕೆ ನನ್ನ ಚೀಟಿಯಲ್ಲಿ. ಮೇಡಂ ಗುರುತು ಓದಿದರು, ನಾನು ಸಂಖ್ಯೆ ಹೇಳಿದೆ. ಸದ್ದು ಕೊಡದ ದ್ರವದ ತಟ್ಟೆಗಳಲ್ಲಿ ಎರಡು, ಮೂರು, ಒಂದು. ಸದ್ದು ಕೊಟ್ಟು ಆರಿಸಿದ ದ್ರವದವುಗಳಲ್ಲಿ ಒಂಬತ್ತು, ಹನ್ನೊಂದು, ಎಂಟು. ಮೂರನೇ ಸಾಲಿನವುಗಳಿಗೆ, ಸದ್ದು ನಿಲ್ಲಿಸಿದ ಕೂಡಲೇ ಪೆರಾಕ್ಸೈಡನ್ನು ಮುರಿದುಹಾಕುವ ಒಂದು ಕಿಣ್ವ ಸೇರಿಸಿದ್ದರು. ಅವುಗಳಲ್ಲಿ ಮತ್ತೆ ಎರಡು, ಎರಡು, ಮೂರು.

ಮೇಡಂ ಪೆನ್ಸಿಲು ಕೆಳಗಿಟ್ಟರು. “ಉಳಿದದ್ದೇ ಮಾಡಿದೆ, ಫೋರ್‌ಮನ್ನರೇ,” ಎಂದರು, ತೀರಾ ಮೆಲ್ಲಗೆ. ನಾನು ಕುಣಿಯುವುದೊಂದು ಬಾಕಿ. ಅವರು ನೋಟ್‌ಬುಕ್ಕಿನ ಹೊಸ ಪುಟ ತೆಗೆದು, “ಸೋಮವಾರದಿಂದ ಇನ್ನೊಂದು ಸಲ ಮಾಡೋಣ” ಎಂದರು. ಇನ್ನೊಂದು ಸಲ ಎಂದದ್ದು ಐದು ಸಲವಾಯಿತು. ಐದು ಸಲವೂ ಹಾಗೇ ಬಂತು.

ಆದ್ದರಿಂದ ಪಿಟೀಲು, ನಿನ್ನ ಪ್ರಶ್ನೆಯ ಮೊದಲರ್ಧಕ್ಕೆ ಉತ್ತರ ಹೌದು. ಜೋರು ಸದ್ದು ನೀರಿನಲ್ಲಿ ಹುಟ್ಟಿಸಿದ ಪದಾರ್ಥದಿಂದ ತಟ್ಟೆಯಲ್ಲಿರುವ ಜೀವಕೋಶದ ಜೀನು ಬದಲಾಗಬಹುದು. ಅದನ್ನು ನಾನು ನನ್ನ ಕಣ್ಣಾರೆ ಎಣಿಸಿದ್ದೇನೆ.

ಆಮೇಲೆ ಪತ್ರಿಕೆಯವರು ಬಂದರು. ಮೇಡಂ ಅವರಿಗೂ ನನಗೆ ಹೇಳಿದಷ್ಟೇ ತಾಳ್ಮೆಯಿಂದ ಹೇಳಿದರು. ಅಚ್ಚಾಗಿ ಬಂದದ್ದು ನಿನ್ನ ಕೈಯಲ್ಲಿದ್ದ ತುಣುಕು. ಮೇಡಂ ಸ್ಕ್ಯಾನಿಂಗ್ ಎಂಬ ಪದವನ್ನೇ ಆಡಿರಲಿಲ್ಲ. ಅವರು ಬಸ್ಸು ಹತ್ತಿ ಪತ್ರಿಕೆಯ ಆಫೀಸಿಗೆ ಹೋಗಿ ಎರಡು ಗಂಟೆ ಬೆಂಚಿನ ಮೇಲೆ ಕೂತು ಬಂದರು. ಅದರ ಫಲವಾಗಿ ಏಳನೇ ಪುಟದಲ್ಲಿ, ಚಪ್ಪಲಿಯ ಜಾಹೀರಾತಿನ ಕೆಳಗೆ, ಮೂರು ಸಾಲಿನ ತಿದ್ದುಪಡಿ. ನೀನು ಅದನ್ನು ನೋಡಿರಲಿಕ್ಕಿಲ್ಲ, ಯಾರೂ ನೋಡಿಲ್ಲ.

ನಾನಾಗಿದ್ದರೆ ಕೂಗಾಡಿ ಸುಮ್ಮನಾಗುತ್ತಿದ್ದೆ. ಅವರು ಮಾಡಿದ್ದೇನು ಗೊತ್ತೇ? ಆಸ್ಪತ್ರೆಗೆ ಹೋಗಿ, ಗರ್ಭಿಣಿಯರಿಗೆ ಬಳಸುವ ಸ್ಕ್ಯಾನಿಂಗ್ ಯಂತ್ರವನ್ನು ಶನಿವಾರ ಮಧ್ಯಾಹ್ನಗಳಿಗೆ ಕೇಳಿ ತಂದರು. “ಭಯ ಹುಟ್ಟಿದ್ದು ನನ್ನ ಕೆಲಸದಿಂದ. ಅದಕ್ಕೆ ಉತ್ತರ ಹುಡುಕೋದೂ ನನ್ನ ಕೆಲಸಾನೇ” ಎಂದರು. ಆ ಇಪ್ಪತ್ತು ಪ್ರಶ್ನೆ ಬೇರೆಯವರಿಗಿರಲಿ ಎಂದಿದ್ದವರು! ಅದೇ ದ್ರವ, ಅದೇ ಕೊಳವೆ, ಒಂದೊಂದಕ್ಕೂ ಪೂರ್ತಿ ಒಂದು ಗಂಟೆ. ಸ್ಕ್ಯಾನಿಂಗ್ ಯಂತ್ರದ ಸದ್ದು ಚಿಟಿಕೆ ಹೊಡೆದ ಹಾಗೆ ತುಣುಕು ತುಣುಕಾಗಿ ಬರುತ್ತದೆ, ನಡುವೆ ಬಿಡುವೇ ಜಾಸ್ತಿ. ಪೆರಾಕ್ಸೈಡ್ ಅಳೆಯುವ ಮುಳ್ಳು ಇದ್ದಲ್ಲಿಂದ ಅಲ್ಲಾಡಲಿಲ್ಲ. ಚುಕ್ಕಿಗಳನ್ನು ಮತ್ತೆ ನಾನೇ ಎಣಿಸಿದೆ. ಸದ್ದಿಲ್ಲದ ತಟ್ಟೆಗಳಿಗೂ ಇವಕ್ಕೂ ವ್ಯತ್ಯಾಸ ಕಾಣಲಿಲ್ಲ.

ಈ ಕೊನೆಯ ತಟ್ಟೆಗಳ ಎಣಿಕೆ ಮುಗಿದದ್ದು ಮೊನ್ನೆ ಶುಕ್ರವಾರ. ಅದಕ್ಕೇ ಇಷ್ಟು ದಿನ ಕಾದೆ. ಎಣಿಕೆ ಮುಗಿಸಿ ನಿನ್ನ ಕಾಗದವನ್ನು ಮೇಡಂ ಕೈಗೆ ಕೊಟ್ಟೆ. ಅವರು ನಿಂತೇ ಓದಿದರು, ಆಮೇಲೆ ಕೂತು ಇನ್ನೊಮ್ಮೆ ಓದಿದರು.

“ಚೆನ್ನಾಗಿ ಕೇಳಿದಾಳೆ ನಿಮ್ಮ ಮಗಳು. ಸಮಾಧಾನ ಬೇಡ, ನಿಜ ಬೇಕು ಅಂತ ಯಾರು ಕೇಳ್ತಾರೆ ಈಗ?”

“ಹಾಗಾದ್ರೆ ಏನೂ ಆಗಲ್ಲ ಅಂತ ಬರೀಲಾ ಮೇಡಂ?”

“ಏನೂ ಆಗಲ್ಲ ಅಂತ ನಾನು ಯಾವುದಕ್ಕೂ ಬರ್ಕೊಡಲ್ಲ. ನಾವು ಹುಡುಕಿದ್ವಿ, ಕಾಣಿಸ್ಲಿಲ್ಲ, ಅಷ್ಟು ಬರೀರಿ. ತಟ್ಟೇಲಿರೋ ಒಂಟಿ ಕೋಶಾನೇ ಬೇರೆ, ತಾಯಿ ಹೊಟ್ಟೇನೇ ಬೇರೆ. ಪೆರಾಕ್ಸೈಡ್ ಮುರಿಯೋ ಆ ಕಿಣ್ವ ನಮ್ಮ ರಕ್ತದಲ್ಲೇ ಧಾರಾಳವಾಗಿದೆ, ಅದನ್ನೂ ಬರೀರಿ. ಡಾಕ್ಟ್ರು ಕೇಳಿದ ಸ್ಕ್ಯಾನು, ಅವರಿಗೆ ಬೇಕಾದಷ್ಟು ಹೊತ್ತು ಮಾಡಿಸ್ಕೊಳ್ಳಿ. ಮಗು ಮುಖ ನೋಡೋ ಆಸೇಗೆ ಗಂಟೆಗಟ್ಟಲೆ ಬೇಡ.” ನಿನ್ನ ಕಾಗದ ಮಡಿಚಿ ನನ್ನ ಕೈಗೆ ಕೊಡುತ್ತ ಹೇಳಿದರು: “ಅವಳು ನನ್ನ ಮಗಳಾಗಿದ್ರೆ ನಾಳೆ ಬೆಳಗ್ಗೇನೇ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತಿದ್ದೆ. ಇದು ವಿಜ್ಞಾನ ಅಲ್ಲ, ಆದ್ರೂ ಬರೀರಿ.”

ಬರೆದಿದ್ದೇನೆ. ನೀನು ಹೆದರಿದ್ದಕ್ಕೆ ನನಗೆ ಬೇಸರವಿಲ್ಲ. ಹೆದರಿದವಳು ಬಾಯಿ ಮುಚ್ಚಿಕೊಂಡು ಕೂರದೆ ತಿಳಿದವರನ್ನು ಕೇಳಿದೆಯಲ್ಲ, ಆ ಧೈರ್ಯ ನನ್ನಿಂದ ಬಂದದ್ದಲ್ಲ, ಅಮ್ಮನ ಕಡೆಯಿಂದ ಬಂದಿರಬೇಕು. ಗುರುವಾರ ಬೆಳಗಿನ ರೈಲಿಗೆ ನಾವಿಬ್ಬರೂ ಹೊರಡುತ್ತೇವೆ, ರಜೆ ಬರೆದುಕೊಟ್ಟಾಗಿದೆ. ಶುಕ್ರವಾರಕ್ಕೆ ಡಾಕ್ಟರ ಹತ್ತಿರ ಸಮಯ ತೆಗೆದುಕೊಂಡಿರಲು ಅಳಿಯಂದಿರಿಗೆ ಹೇಳು. ಅವರು ಸುಮ್ಮನಿರುವುದು ಕಾಳಜಿ ಇಲ್ಲದೆ ಅಲ್ಲ, ನಿನಗೆ ಹೆದರಿ. ನನಗೆ ಆ ಅನುಭವ ಚೆನ್ನಾಗಿದೆ.

ನೀನು, ಒಳಗೆ ಒದೆಯುತ್ತಿರುವ ಪುಟ್ಟ ಜೀವ, ಅಳಿಯಂದಿರು, ಮೂವರೂ ನೂರು ವರ್ಷ ನೆಮ್ಮದಿಯಾಗಿ ಬಾಳಿ. ಹೊತ್ತಿಗೆ ಸರಿಯಾಗಿ ಉಣ್ಣು, ಅಂಗಡಿಯಲ್ಲಿ ನಿಂತೇ ಇರಬೇಡ, ಕುರ್ಚಿ ಕೇಳು.

ಯಾವಾಗಲೂ ನಿನ್ನವನಾದ,
ಅಪ್ಪ

ಸಹಿ ಮಾಡಿ ಅಂಟು ಹಚ್ಚುವ ಮೊದಲು ಇಷ್ಟು:

ನಿಜ ಹೇಳು ಎಂದು ಕೇಳಿದ್ದೀಯ. ಹೇಳದೆ ಉಳಿಸಿಕೊಂಡದ್ದು ಒಂದಿದೆ.

ನಿನಗಿಂತ ಎರಡು ವರ್ಷ ಮೊದಲು ಅಮ್ಮ ಬಸುರಿಯಾಗಿದ್ದಳು. ಆರನೇ ತಿಂಗಳಲ್ಲಿ ಸ್ವಲ್ಪ ರಕ್ತ ಕಾಣಿಸಿತು. ಡಾಕ್ಟರು ಸ್ಕ್ಯಾನಿಂಗ್ ಮಾಡಿಸಿ ಎಂದರು. ಆಗ ನಮ್ಮ ವರ್ಕ್‌ಶಾಪಿಗೆ ಸದ್ದಿನಿಂದ ಬಿಡಿಭಾಗಗಳನ್ನು ತೊಳೆಯುವ ಹೊಸ ತೊಟ್ಟಿ ಬಂದಿತ್ತು. ಪರೀಕ್ಷೆಗೆಂದು ಅದರಲ್ಲಿ ಅಲ್ಯೂಮಿನಿಯಂ ಹಾಳೆ ಇಳಿಬಿಟ್ಟರೆ ಎರಡು ನಿಮಿಷಕ್ಕೆ ಜರಡಿಯಾಗುತ್ತಿತ್ತು. ಅದನ್ನು ನೋಡಿದ್ದ ನಾನು, ಲೋಹವನ್ನು ತೂತು ಮಾಡುವ ಸದ್ದನ್ನು ನನ್ನ ಹೆಂಡತಿಯ ಹೊಟ್ಟೆಯ ಮೇಲೆ ಬಿಡುವುದಿಲ್ಲ ಎಂದೆ. ಅದು ಬೇರೆ, ಇದು ಬೇರೆ ಎಂದು ಡಾಕ್ಟರು ಹೇಳಿದರು. ನಾನು ಕೇಳಲಿಲ್ಲ. ಯಂತ್ರದ ವಿಷಯ ನನಗೆ ಗೊತ್ತು ಎಂದು ಮನೆಯವರೆಲ್ಲ ನನ್ನ ಮಾತನ್ನೇ ನಂಬಿದರು. ಅಮ್ಮನೂ ನಂಬಿದಳು.

ಎಂಟನೇ ತಿಂಗಳಲ್ಲಿ, ಬೆಳಗ್ಗೆ ಹತ್ತು ಗಂಟೆಗೆ, ಅಡುಗೆಮನೆಯಲ್ಲಿ ನಿಂತಿದ್ದಾಗ ರಕ್ತ ಹೋಗಲು ಶುರುವಾಯಿತು. ಮಾಸು ಗರ್ಭದ ಬಾಯಿಗೆ ಅಡ್ಡವಾಗಿ ಕೂತಿತ್ತು. ಸ್ಕ್ಯಾನಿಂಗ್‌ನಲ್ಲಿ ಅದು ಕಾಣುತ್ತಿತ್ತು, ಗೊತ್ತಿದ್ದರೆ ಮೊದಲೇ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಿದ್ದೆವು ಎಂದರು ಡಾಕ್ಟರು. ಅಮ್ಮನನ್ನು ಉಳಿಸಿಕೊಟ್ಟರು. ಅವನು ಉಳಿಯಲಿಲ್ಲ. ನಿನಗೊಬ್ಬ ಅಣ್ಣ ಇರುತ್ತಿದ್ದ.

ನನಗೆ ಅವನನ್ನು ನೋಡುವ ಧೈರ್ಯ ಬರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೆ. ಇಷ್ಟು ವರ್ಷದಲ್ಲಿ ನಿನ್ನ ಅಮ್ಮ ಒಂದು ದಿನ, ಜಗಳದ ಬಿಸಿಯಲ್ಲಿ ಸಹ, ಆ ಮಾತು ಎತ್ತಿಲ್ಲ.

ಈಗ ಈ ಹಾಳೆಯನ್ನು ಅವಳಿಗೆ ಓದಲು ಕೊಟ್ಟೆ. ನಿನ್ನ ಕನ್ನಡಕ ಹಾಕಿಕೊಂಡು ಕಿಟಕಿಯ ಹತ್ತಿರ ಓದಿದಳು. ವಾಪಸು ಕೊಟ್ಟು ಹೇಳಿದಳು: “ಬರೆಯೋದಾದ್ರೆ ಪೂರ್ತಿ ಬರೀರಿ. ಅವನಿಗೆ ತಲೆತುಂಬ ಕೂದಲಿತ್ತು ಅಂತಾನೂ ಬರೀರಿ.”

ಅದು ನನಗೆ ಇವತ್ತಿನವರೆಗೆ ಗೊತ್ತಿರಲಿಲ್ಲ, ಮಗಳೇ.